ಸೀಟಿನ ಎರಡನೇ ಗುಂಡಿ

ಯಂತ್ರಗಳಿಗೂ ಮನಸ್ಸಿದೆ ಎನ್ನುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಸ್ವಲ್ಪ ಅಸಹನೆ. ನಮ್ಮ ಕಾರ್ಖಾನೆಯಲ್ಲಿ ವಿಶ್ವಕರ್ಮ ಪೂಜೆಯ ದಿನ ಯಂತ್ರಗಳಿಗೆ ಹೂ ಏರಿಸುವಾಗ ನಾನೂ ಕೈಮುಗಿಯುತ್ತೇನೆ. ಅದು ಮರ್ಯಾದೆ, ನಂಬಿಕೆಯಲ್ಲ. ದಿಲ್ಲಿ ಹತ್ತಿರದ ಮಾನೇಸರ್‌ನಲ್ಲಿ ಕಾರಿನ ಬ್ರೇಕಿನ ಭಾಗಗಳನ್ನು ತಯಾರಿಸುವ ಕಡೆ ಹನ್ನೊಂದು ವರ್ಷದಿಂದ ಗುಣಮಟ್ಟ ನೋಡುವ ಕೆಲಸ ನನ್ನದು. ಒಂದು ಭಾಗ ಕೆಟ್ಟು ವಾಪಸು ಬಂದರೆ ಅದು ಏಕೆ ಕೆಟ್ಟಿತು ಎಂದು ಐದು ಸಲ ಕೇಳಬೇಕು. ಒಂದು ‘ಏಕೆ’ಗೆ ಬಂದ ಉತ್ತರವನ್ನು ಹಿಡಿದು ಮುಂದಿನ ‘ಏಕೆ’. ಐದನೆಯದಕ್ಕೆ ಬರುವ ಹೊತ್ತಿಗೆ ಮೂಲ ಕಾರಣ ಸಿಕ್ಕೇ ಸಿಗುತ್ತದೆ. ಮೂಲ ಕಾರಣದ ಖಾನೆಯನ್ನು ಖಾಲಿ ಬಿಟ್ಟ ವರದಿಗೆ ನಾನು ಸಹಿ ಹಾಕಿದವಳಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಹೇಳುವುದನ್ನು ಓದಿ ನೀವು ನಕ್ಕರೆ ಬೇಸರವಿಲ್ಲ. ಬೇರೆಯವರು ಹೇಳಿದ್ದರೆ ನಾನೂ ನಗುತ್ತಿದ್ದೆ.

ನಾವು ಬೆಳೆದದ್ದು ದಿಲ್ಲಿಯ ಆರ್.ಕೆ.ಪುರಂನ ಸರ್ಕಾರಿ ಕ್ವಾರ್ಟರ್ಸಿನಲ್ಲಿ. ಅಪ್ಪನ ಹಲ್ಲು ನೋಡುತ್ತಿದ್ದವರು ಹತ್ತಿರದಲ್ಲೇ ಮನೆಯ ಮುಂದೆ ಕ್ಲಿನಿಕ್ ಇಟ್ಟುಕೊಂಡಿದ್ದ ಧಾರವಾಡ ಕಡೆಯ ದೇಸಾಯಿ ಡಾಕ್ಟರು. ಒಂಟಿ ಹೆಂಗಸು, ಎತ್ತರದ ಆಳು, ಗಟ್ಟಿ ದನಿ. ಅವರ ಮನೆಯ ಬೇವಿನ ಮರದ ಕೆಳಗೆ ಕಡುನೀಲಿ ಬಣ್ಣದ, ಎರಡೇ ಬಾಗಿಲಿನ ಜರ್ಮನ್ ಕಾರೊಂದು ನಿಂತಿರುತ್ತಿತ್ತು. ಯಾವುದೋ ರಾಯಭಾರ ಕಚೇರಿಯವರು ಮೂರು ವರ್ಷ ಓಡಿಸಿ, ದೇಶ ಬಿಟ್ಟು ಹೋಗುವಾಗ ಮಾರಿದ್ದನ್ನು ದಲ್ಲಾಳಿಯ ಮೂಲಕ ಅವರು ಕೊಂಡಿದ್ದರು. ನನ್ನ ತಮ್ಮ ಚೇತನ್ ಹತ್ತನೇ ತರಗತಿಯಲ್ಲಿದ್ದಾಗ ದವಡೆಹಲ್ಲು ಕೀಳಿಸಿಕೊಂಡು ಅಳುಮುಖ ಮಾಡಿದ್ದಕ್ಕೆ ಡಾಕ್ಟರು ಅವನನ್ನು ಅದರಲ್ಲಿ ಕೂರಿಸಿಕೊಂಡು ಒಂದು ಸುತ್ತು ಹಾಕಿಸಿದ್ದರು. ಬಾಯಲ್ಲಿ ಹತ್ತಿ ಇಟ್ಟುಕೊಂಡು ಬಂದವನದು ಮೂರು ದಿನ ಅದೇ ಮಾತು.

ಹಳೆಯ ಜರ್ಮನ್ ಸ್ಪೋರ್ಟ್ಸ್ ಕಾರುಗಳನ್ನು ಈಗ ಯಾಕೆ ಜನ ಹುಡುಕಿಕೊಂಡು ಹೋಗುತ್ತಾರೆ ಎಂಬುದಕ್ಕೆ ಬಹುಶಃ ಇಷ್ಟೇ ಉತ್ತರ. ಹದಿನೈದನೇ ವಯಸ್ಸಿನಲ್ಲಿ ಗಾಜಿಗೆ ಮೂಗು ಒತ್ತಿ ನೋಡಿದ್ದು ಮೂವತ್ತು ತುಂಬುವ ಮೊದಲೇ ಕೈಗೆಟುಕುವಂತಾಗುತ್ತದೆ. ಹೊಸ ಸಾಧಾರಣ ಕಾರಿನ ಬೆಲೆಗೇ ಸಿಗುತ್ತದೆ. ದಿಲ್ಲಿಯಲ್ಲಂತೂ ಹದಿನೈದು ವರ್ಷವಾದ ಪೆಟ್ರೋಲ್ ಕಾರನ್ನು ಓಡಿಸುವಂತಿಲ್ಲ ಎನ್ನುವ ಕಾನೂನಿನಿಂದ ಇನ್ನೂ ಅಗ್ಗ. ದೇಸಾಯಿ ಡಾಕ್ಟರು ಆ ನೀಲಿ ಕಾರನ್ನು ಮಾರುತ್ತಾರೆಂದು ತಿಳಿದಾಗಿನಿಂದ ಚೇತನ್ ಇದನ್ನೆಲ್ಲ ನನಗೆ ತಿಂಗಳುಗಟ್ಟಲೆ ಪಾಠ ಹೇಳಿದ.

“ಅಕ್ಕ, ಸಮಝ್ ನಾ. ಈಗಿನ ಕಾರೆಲ್ಲ ಚಕ್ರ ಇರೋ ಮೊಬೈಲು. ಇದರಲ್ಲಿ ಆರು ಸಿಲಿಂಡರ್, ಟರ್ಬೋ ಇಲ್ಲ, ಸ್ಟೀರಿಂಗ್ ಹಿಡಿದರೆ ರೋಡ್ ಕೈಗೆ ಗೊತ್ತಾಗತ್ತೆ. ಇಂಥದು ಇನ್ನು ಯಾರೂ ಮಾಡಲ್ಲ. ಆಖ್ರೀ ಹೈ ಯೇ. ಒಂದು ವರ್ಷ ಇಲ್ಲಿ ಓಡಿಸ್ತೀನಿ, ಆಮೇಲೆ ಎನ್‌ಓಸಿ ಮಾಡಿಸಿ ಮೈಸೂರಲ್ಲಿ ಮಾಮನ ಮನೆಗೆ.”

“ಮಾಮನ ಎಮ್ಮೆ ಕೊಟ್ಟಿಗೆಗಾ?” ಎಂದೆ.

“ಹಂಸ್ ಲೇ, ನಗು. ನೀನು ನೋಡಿ ಹ್ಞೂಂ ಅಂದ್ರೆ ಮಾತ್ರ ತಗೋತೀನಿ. ನಿನ್ನ ಸಹಿ ಬೇಕು ನಂಗೆ.”

ಅವನು ತಮಾಷೆಗೆ ಹೇಳಿದ್ದಲ್ಲ. ಅವನ ಮಾತು ನನ್ನ ಮೇಲೆ ಭಾರ ಹೊರಿಸಿತು. ಕಳೆದ ವರ್ಷ ಜನವರಿಯ ಒಂದು ಶನಿವಾರ ಮಧ್ಯಾಹ್ನ ನಾನು, ಚೇತನ್ ಮತ್ತು ಇಂಥ ಕಾರುಗಳನ್ನೇ ರಿಪೇರಿ ಮಾಡುವ ಇರ್ಫಾನ್ ಭಾಯಿ ಡಾಕ್ಟರ ಮನೆಗೆ ಹೋದೆವು. ನಾಲ್ಕು ತಾಸು ನೋಡಿದೆವು. ಬ್ರೇಕುಗಳನ್ನು ನಾನೇ ಚಕ್ರ ಬಿಚ್ಚಿಸಿ ಪರೀಕ್ಷಿಸಿದೆ. ಎಂಜಿನ್ ಗಡಿಯಾರದ ಹಾಗಿತ್ತು. ಒಂದೇ ದೋಷ, ಎರಡು ದಿನ ನಿಲ್ಲಿಸಿದರೆ ಬ್ಯಾಟರಿ ಇಳಿದುಹೋಗುತ್ತಿತ್ತು. ಇರ್ಫಾನ್ ಭಾಯಿ ಮೀಟರು ಹಿಡಿದು, ಡ್ರೈವರ್ ಸೀಟು ಸುಮ್ಮನಿದ್ದಾಗಲೂ ಕರೆಂಟು ಎಳೆಯುತ್ತಿದೆ ಎಂದು ಕಂಡುಹಿಡಿದರು. ಅದು ಮೋಟಾರಿನಿಂದ ಸರಿಯುವ ಸೀಟು. ಪಕ್ಕದಲ್ಲಿ ಒಂದು, ಎರಡು ಎಂದು ಬರೆದ ಎರಡು ಗುಂಡಿ. ಯಾರು ಹೇಗೆ ಕೂರುತ್ತಾರೋ ಆ ಅಳತೆಯನ್ನು ಅದು ನೆನಪಿಟ್ಟುಕೊಂಡು, ಗುಂಡಿ ಒತ್ತಿದರೆ ಅಷ್ಟಕ್ಕೇ ಸರಿದು ನಿಲ್ಲುತ್ತದೆ.

“ಒಂದು ನಂದು,” ಎಂದರು ಡಾಕ್ಟರು. “ಎರಡು ಮೊದಲಿನವರ್ದು. ಬಂದ ಹೊಸದಾಗ ಒಮ್ಮೆ ಒತ್ತಿದ್ದೆ ನೋಡವಾ, ಸೀದಾ ಒಯ್ದು ಸ್ಟೀರಿಂಗಿಗೆ ಹಚ್ಚಿಬಿಡ್ತು. ನನ್ನ ಮೊಣಕಾಲು ಕೆತ್ತಿಹೋತು. ಯಾರೋ ಭಾಳ ಗಿಡ್ಡ ಮಂದಿ ಇರಬೇಕು. ಮತ್ತ ಅದನ್ನ ಮುಟ್ಟಿಲ್ಲ.”

ಚೇತನ್ ಆರಡಿಯ ಆಳು. ಅವನು ಸೀಟನ್ನು ಪೂರ್ತಿ ಹಿಂದಕ್ಕೆ ಸರಿಸಿಕೊಂಡ ಮೇಲೆ ಇರ್ಫಾನ್ ಭಾಯಿ, ಬ್ಯಾಟರಿ ಇಳಿಯದಿರಲೆಂದು, ಸೀಟಿನ ಫ್ಯೂಸನ್ನು ಕಿತ್ತು ನನ್ನ ಕೈಗಿಟ್ಟರು. ಹಸಿರು ಬಣ್ಣದ, ಉಗುರಿನಷ್ಟು ಅಗಲದ್ದು. ನಾನು ಅದನ್ನು ಜಾಕೆಟ್ಟಿನ ಒಳಜೇಬಿಗೆ ಹಾಕಿ ಜಿಪ್ ಎಳೆದೆ. ಆಮೇಲೆ ಅಭ್ಯಾಸಬಲದಿಂದ ಡ್ರೈವರ್ ಕಡೆಯ ಬಾಗಿಲಲ್ಲಿ ಬಗ್ಗಿ ಸೀಟಿನ ಗುಂಡಿಗಳನ್ನೆಲ್ಲ ಒಂದೊಂದಾಗಿ ಒತ್ತಿ ನೋಡಿದೆ. ಮುಂದೆ, ಹಿಂದೆ, ಮೇಲೆ, ಕೆಳಗೆ, ಒಂದು, ಎರಡು. ಯಾವುದೂ ಮಿಸುಕಲಿಲ್ಲ. ಕಾರು ಚೆನ್ನಾಗಿದೆ ಎಂದು ಚೇತನ್‌ಗೆ ಹೇಳಿದೆ. ನಾಳೆ ಒಂದು ಸಲ ಓಡಿಸಿ ನೋಡಿ, ಸರಿ ಅನ್ನಿಸಿದರೆ ಮಾತು ಮುಗಿಸೋಣ ಎಂದೆ.

ಭಾನುವಾರ ಬೆಳಗ್ಗೆ ಎಂಟೂವರೆಗೆ ಹೊರಟೆವು. ಮೆಹರೌಲಿ ದಾಟಿ, ಗುರುಗ್ರಾಮದಿಂದ ಫರೀದಾಬಾದಿಗೆ ಹೋಗುವ ಗುಡ್ಡದ ರಸ್ತೆ ಹಿಡಿದೆವು. ಎರಡು ಬದಿಗೂ ಜಾಲಿ, ಕಲ್ಲುಗುಡ್ಡ. ದಿಬ್ಬದ ಮೇಲೆ ಬಿಸಿಲು, ತಗ್ಗಿನಲ್ಲಿ ಮಂಜು. ನಾನು ಪಕ್ಕದ ಸೀಟಿನಲ್ಲಿ ಕೂತು ಶಬ್ದ ಕೇಳಿಸಿಕೊಳ್ಳುತ್ತಿದ್ದೆ. ಚೇತನ್‌ನ ಮುಖದಲ್ಲಿ ಬಾಯಿಗೆ ಹತ್ತಿ ಇಟ್ಟುಕೊಂಡು ಬಂದ ದಿನದ ಕಳೆ ಇತ್ತು. ಒಂದು ಇಳಿಜಾರಿನಲ್ಲಿ ಮುಂದೆ ಎಡಕ್ಕೆ ತಿರುವು, ತಿರುವಿನಾಚೆ ಮಂಜು. “ಅಕ್ಕ, ಈಗ ಸೌಂಡ್ ಕೇಳು,” ಎಂದು ಅವನು ವೇಗ ಹೆಚ್ಚಿಸಿದ.

ಆಗ ಸೀಟಿನ ಕೆಳಗೆ ಮೋಟಾರಿನ ಗುಂಯ್ ಎಂಬ ಸದ್ದು ಬಂತು. ಅವನ ಸೀಟು ಮುಂದಕ್ಕೆ ಸರಿಯತೊಡಗಿತು. ಧಡಕ್ಕನೆ ಅಲ್ಲ, ಅವಸರವೇ ಇಲ್ಲದಂತೆ, ಒಂದೇ ಸಮನೆ. “ಅಕ್ಕ ಏನ್ ಮಾಡ್ತಿದೀಯ!” ಎಂದು ಅವನು ಕೂಗಿದ. ನಾನು ಎರಡೂ ಕೈ ಎತ್ತಿ ತೋರಿಸಿದೆ. ಅವನ ಮೊಣಕಾಲು ಮೇಲೆದ್ದು ಸ್ಟೀರಿಂಗಿನ ಕೆಳಭಾಗಕ್ಕೆ ಸಿಕ್ಕಿಕೊಂಡಿತು. ಎಕ್ಸಲರೇಟರಿನಿಂದ ಕಾಲು ಜಾರಿತು. ಗಾಬರಿಯಲ್ಲಿ ಎಡಗಾಲಿನಿಂದಲೇ ಬ್ರೇಕು ತುಳಿದ. ಕಾರು ತಿರುವಿನಲ್ಲಿ ಕಿರುಚಿಕೊಂಡು, ಹಿಂಭಾಗ ಸ್ವಲ್ಪ ಬೀಸಿ, ಮಂಜಿನ ಅಂಚಿನಲ್ಲಿ ನಿಂತಿತು.

ಕಾರು ನಿಂತರೂ ಸೀಟು ನಿಲ್ಲಲಿಲ್ಲ. ನಾನು ಈಗಲೂ ಮನಸ್ಸಿನಲ್ಲಿ ಮತ್ತೆ ಮತ್ತೆ ನೋಡುವುದು ಈ ಭಾಗವನ್ನೇ. ಅದು ನಿಧಾನವಾಗಿ ಅವನನ್ನು ಒತ್ತುತ್ತಲೇ ಹೋಯಿತು. ಅವನ ಎದೆ ಸ್ಟೀರಿಂಗಿಗೆ ತಾಗಿ ಹಾರನ್ ಒಂದೇ ಸಮನೆ ಹೊಡೆದುಕೊಳ್ಳುತ್ತಿತ್ತು. ನಾನು ಕೀ ತಿರುಗಿಸಿ ಎಂಜಿನ್ ಆರಿಸಿದೆ. ಗುಂಯ್ ಸದ್ದು ಮುಂದುವರಿಯಿತು. ನಾನು ಅವನ ಹೆಗಲಿನಾಚೆ ಕೈ ಹಾಕಿ ಸೀಟಿನ ಬೆನ್ನನ್ನು ಹಿಂದಕ್ಕೆ ಎಳೆದೆ, ಆಗಲಿಲ್ಲ. ಆಮೇಲೆ ಅದು ತಾನಾಗಿ ನಿಂತಿತು. ನಾನು ಇಳಿದು ಸುತ್ತಿ ಬಂದು ಬಾಗಿಲು ತೆಗೆದು, ಅವನ ಕಂಕುಳಿಗೆ ಕೈಕೊಟ್ಟು ಹೊರಗೆಳೆದೆ.

ಆಗಲೇ ಮುಂದೆ ಇದ್ದದ್ದು ಕಂಡದ್ದು. ಇಟ್ಟಿಗೆ ತುಂಬಿದ ಟ್ರ್ಯಾಕ್ಟರ್ ಟ್ರಾಲಿಯೊಂದು ಅಚ್ಚು ಮುರಿದು ನಮ್ಮ ಸಾಲಿನಲ್ಲೇ ಅಡ್ಡ ನಿಂತಿತ್ತು. ಹಿಂದೆ ದೀಪವಿಲ್ಲ, ಕೆಂಪು ಪಟ್ಟಿಯಿಲ್ಲ. ರಸ್ತೆ ಪಕ್ಕದಲ್ಲಿ ಕಡ್ಡಿ ಉರಿಸಿಕೊಂಡು ಕೂತಿದ್ದ ಅದರ ಚಾಲಕ ಎದ್ದು ಬಂದ. “ಬಚ್ ಗಯೇ ಭಾಯಿಸಾಬ್. ರಾಮ್‌ಜೀ ನೇ ಬ್ರೇಕ್ ಲಗವಾಯಾ,” ಎಂದ. ಬದುಕಿಕೊಂಡಿರಿ, ದೇವರೇ ಬ್ರೇಕು ಹಾಕಿಸಿದ ಎಂದು. ನಮ್ಮ ಬಾನೆಟ್ಟಿನಿಂದ ಟ್ರಾಲಿಯವರೆಗೆ ನಾನು ಹೆಜ್ಜೆ ಹಾಕಿ ಅಳೆದೆ. ಹನ್ನೊಂದು ಹೆಜ್ಜೆ. ಚಳಿಗೆ ಕೈಯನ್ನು ಜಾಕೆಟ್ಟಿನೊಳಗೆ ತೂರಿಸಿದಾಗ ಒಳಜೇಬಿನ ಜಿಪ್ಪು ಬೆರಳಿಗೆ ಸಿಕ್ಕಿತು. ತೆಗೆದು ನೋಡಿದೆ. ಫ್ಯೂಸು ಅಲ್ಲೇ ಇತ್ತು.

ಫ್ಯೂಸಿನ ಪೆಟ್ಟಿಗೆ ತೆರೆದೆ. ಅದರ ಜಾಗ ಖಾಲಿ. ಸೀಟಿನ ಗುಂಡಿಗಳನ್ನು ಒತ್ತಿದೆ. ಹಿಂದಿನ ದಿನದಂತೆಯೇ ಯಾವುದೂ ಮಿಸುಕಲಿಲ್ಲ. ಫ್ಯೂಸನ್ನು ಮತ್ತೆ ಹಾಕಲು ಧೈರ್ಯ ಬರಲಿಲ್ಲ, ಹೀಗಾಗಿ ಸೀಟನ್ನು ಹಿಂದಕ್ಕೆ ಸರಿಸುವ ಹಾಗೂ ಇರಲಿಲ್ಲ. ಚೇತನ್ ಆ ಸಂದಿಯಲ್ಲಿ ಹಿಡಿಸುವಂತಿರಲಿಲ್ಲ. ವಾಪಸು ನಾನೇ ಓಡಿಸಬೇಕಾಯಿತು.

ನಾನು ಐದಡಿಗೆ ಒಂದಿಂಚು ಕಡಿಮೆ. ಯಾವ ಕಾರಿನಲ್ಲಿ ಕೂತರೂ ಬೆನ್ನಿಗೆ ಒಂದು ದಿಂಬು, ಕೆಳಗೆ ಒಂದು ದಿಂಬು ಬೇಕು. ಮನೆಯವರಿಗೆಲ್ಲ ಅದೊಂದು ನಗೆಮಾತು. ಅಂದು ಬಾಗಿಲು ಮುಚ್ಚಿ ಕೂತವಳಿಗೆ ದಿಂಬೇ ಬೇಕಾಗಲಿಲ್ಲ. ಕಾಲು ಪೆಡಲಿಗೆ ಸರಿಯಾಗಿ ಕೂತಿತ್ತು. ಬೆನ್ನಿನ ಬಾಗು, ತೊಡೆಯ ಎತ್ತರ, ಸ್ಟೀರಿಂಗಿನ ದೂರ, ಯಾವುದನ್ನೂ ಒಂದು ಬೆರಳಷ್ಟೂ ಬದಲಿಸಬೇಕಿರಲಿಲ್ಲ. ಬದಿಯ ಕನ್ನಡಿಗಳೂ ನನ್ನ ಕಣ್ಣಿಗೆ ತಿರುಗಿದ್ದವು. ಅವೂ ಮೋಟಾರಿನಿಂದ ತಿರುಗುವಂಥವು, ಅವಕ್ಕೆ ಬೇರೆ ಫ್ಯೂಸು, ಅದನ್ನು ಒಪ್ಪುತ್ತೇನೆ. ಆದರೆ ಒಳಗಿನ ಕನ್ನಡಿಯನ್ನು ಕೈಯಿಂದಲೇ ತಿರುಗಿಸಬೇಕು. ಬೆಳಗ್ಗೆ ಚೇತನ್ ತನ್ನ ಎತ್ತರಕ್ಕೆ ಸರಿಪಡಿಸಿಕೊಂಡಿದ್ದು ಅದು. ಈಗ ಅದರಲ್ಲಿ ಹಿಂದಿನ ರಸ್ತೆ ನನಗೆ ಪೂರ್ತಿ ಕಾಣುತ್ತಿತ್ತು. ಅವನು ಒದ್ದಾಡಿ ಹೊರಬರುವಾಗ ತಲೆ ತಾಗಿರಬಹುದು.

“ಅಕ್ಕ,” ಎಂದ ಚೇತನ್ ಪಕ್ಕದಲ್ಲಿ ಕೂತು ಎದೆ ಉಜ್ಜಿಕೊಳ್ಳುತ್ತ, “ನಿನ್ನ ನಾಪ್, ನಿನ್ನದೇ ಅಳತೆ ತಗೊಂಡು ಮಾಡಿದ ಹಾಗಿದೆ.”

ಇನ್ನೊಂದು ಮಾತನ್ನೂ ಮುಚ್ಚಿಡದೆ ಹೇಳಬೇಕು. ತಮ್ಮನನ್ನು ಕಳೆದುಕೊಳ್ಳುವುದು ತಪ್ಪಿ ಅರ್ಧ ಗಂಟೆಯೂ ಆಗಿರಲಿಲ್ಲ. ಆ ದಾರಿಯಲ್ಲಿ ವಾಪಸು ಬರುವಾಗ ನನಗೆ ಕಾರು ಓಡಿಸುವುದೆಂದರೇನು ಎಂದು ಮೊದಲ ಸಲ ಗೊತ್ತಾಯಿತು. ಅವನು ಹೇಳಿದ್ದು ಸುಳ್ಳಲ್ಲ. ರಸ್ತೆಯ ಪ್ರತಿ ಹರಳೂ ಕೈಗೆ ತಿಳಿಯುತ್ತಿತ್ತು. ತಿರುವುಗಳಲ್ಲಿ ನಾನು ನೋಡಿದ ಕಡೆಗೆ ಕಾರು ಹೋಗುತ್ತಿತ್ತು. ಮೆಹರೌಲಿಯ ಜಂಗುಳಿ ಬಂದಾಗ, ಅಯ್ಯೋ ಮುಗಿಯಿತಲ್ಲ ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ ಹೆದರಿದೆ.

ಡಾಕ್ಟರು ಚಹಾ ಕೊಟ್ಟು, “ಹೆಂಗನಿಸ್ತವಾ?” ಎಂದು ಕೇಳಿದರು. ಎಲ್ಲವನ್ನೂ ಹೇಳಿದೆವು. ಅವರು ಎದ್ದು ಹೋಗಿ ಸೀಟು ನೋಡಿ ಬಂದರು. “ಅದು ಎರಡರದ್ದ ಅಳತಿ,” ಎಂದರು, ಅಷ್ಟೇ. ಚೇತನ್ ನನ್ನ ಮುಖ ನೋಡಿದ. ನಾನು ಬೇಡ ಎಂದೆ. ಯಾಕೆ ಎಂದು ಅವನು ಕೇಳಿದಾಗ ಚಹಾ ಮುಗಿಸಿ ಎದ್ದೆ. ಕಾರಣ ಬರೆಯದೆ ನಾನು ಒಂದು ವಸ್ತುವನ್ನು ತಿರಸ್ಕರಿಸಿದ್ದು ಅದೇ ಮೊದಲು.

ಇರ್ಫಾನ್ ಭಾಯಿ ಎರಡು ದಿನ ಒದ್ದಾಡಿದರು. ಬೇರೆ ತಂತಿಯಿಂದ ಕರೆಂಟು ಹರಿದಿರಬಹುದು ಎಂದು ಸೀಟನ್ನೇ ಬಿಚ್ಚಿ ನೋಡಿದರು. ಎಲ್ಲಿಯೂ ತಂತಿ ಸುಲಿದಿರಲಿಲ್ಲ. ಹಿಂದೆ ಕೂರುವವರಿಗೆ ದಾರಿ ಬಿಡಲು ಸೀಟು ತಾನಾಗಿ ಮುಂದೆ ಸರಿಯುವ ವ್ಯವಸ್ಥೆಯೊಂದು ಇದೆ, ಅದಕ್ಕೂ ಅದೇ ಫ್ಯೂಸು. ಬೇರೆ ಫ್ಯೂಸು ಹಾಕಿ ಮಧ್ಯಾಹ್ನದಿಂದ ಸಂಜೆಯವರೆಗೆ ಒತ್ತಿ ನೋಡಿದರೂ ಸೀಟು ಹೇಳಿದ ಹಾಗೆ ಕೇಳಿತು. “ದೀದೀ, ಗಾಡಿ ಮೇಂ ಕುಛ್ ನಹೀಂ ಹೈ,” ಗಾಡಿಯಲ್ಲಿ ಏನೂ ದೋಷವಿಲ್ಲ ಎಂದು ಕೈಚೆಲ್ಲಿದರು. ಮನೆಯಲ್ಲಿ ನಾನು ಒಂದು ಹಾಳೆ ತೆಗೆದುಕೊಂಡು ಐದು ‘ಏಕೆ’ ಬರೆದೆ. ಮೂರರವರೆಗೆ ಬಂದೆ. ನಾಲ್ಕನೆಯದಕ್ಕೆ ಬಂದಾಗ, ಶನಿವಾರ ನಾನು ಎರಡನೇ ಗುಂಡಿಯನ್ನು ಒತ್ತಿದ್ದು ನೆನಪಾಯಿತು. ನಾನು ಒತ್ತಿದ್ದನ್ನು ಅದು ಮರುದಿನದವರೆಗೆ ಇಟ್ಟುಕೊಂಡಿತ್ತೇ? ಕರೆಂಟೇ ಇಲ್ಲದ ಪೆಟ್ಟಿಗೆ ಏನನ್ನು ಇಟ್ಟುಕೊಳ್ಳುತ್ತದೆ? ಹಾಳೆಯನ್ನು ಮಡಿಚಿಟ್ಟೆ.

ಅದು ತನ್ನನ್ನು ಉಳಿಸಿತು ಎಂದು ಚೇತನ್ ಈಗಲೂ ಹೇಳುತ್ತಾನೆ. ಸೀಟು ಸರಿಯದಿದ್ದರೆ ಟ್ರಾಲಿಗೆ ಹೊಡೆಯುತ್ತಿದ್ದೆವು, ಅದು ಖಂಡಿತ. ನಾನು ಕೇಳುವುದು ಬೇರೆ. ಕಾರು ನಿಂತ ಮೇಲೂ ಅದು ಅವನನ್ನು ಏಕೆ ಒತ್ತುತ್ತಿತ್ತು? ಉಳಿಸುವುದಷ್ಟೇ ಉದ್ದೇಶವಾಗಿದ್ದರೆ ಅಲ್ಲಿಗೆ ನಿಲ್ಲಬಹುದಿತ್ತಲ್ಲ. ಇಂಥ ಪ್ರಶ್ನೆ ಕೇಳುವುದೆಂದರೆ ಒಂದು ಸೀಟಿಗೆ ಉದ್ದೇಶವಿದೆ ಎಂದು ಒಪ್ಪಿದಂತಾಯಿತು. ಅದನ್ನೂ ನಾನು ಬಲ್ಲೆ.

ಹೋದ ವಾರ ದೇಸಾಯಿ ಡಾಕ್ಟರ ಫೋನು ಬಂತು. ಕಾರಿಗೆ ಹದಿನೈದು ವರ್ಷ ತುಂಬಲು ಎರಡು ತಿಂಗಳೂ ಇಲ್ಲ, ಬೇರೆ ರಾಜ್ಯಕ್ಕೆ ಕಳಿಸಬೇಕು, ಇಲ್ಲವೇ ಗುಜರಿಗೆ. “ಕಡೀ ಸಲ ಕೇಳಾಕತ್ತೀನಿ. ಭಾನುವಾರದೊಳಗ ಹೇಳವಾ,” ಎಂದರು.

ಚೇತನ್‌ಗೆ ಹೇಳಿದೆ. “ನಾನು ಓಡಿಸಲ್ಲ ಅಕ್ಕ. ನೀನೇ ಓಡಿಸು. ಸೀಟನ್ನ ಎರಡರಲ್ಲೇ ಬಿಟ್ಟುಬಿಡೋಣ, ಬಸ್, ಅಷ್ಟೇ,” ಎಂದ.

ಆ ಮಾತು ಒಂದು ವರ್ಷದಿಂದ ನನ್ನ ಮನಸ್ಸಿನಲ್ಲೂ ಇದೆ ಎಂದು ಅವನಿಗೆ ಹೇಳಿಲ್ಲ. ಈ ದಿನ ಶುಕ್ರವಾರ. ಬೆಳಗ್ಗೆ ಮಾನೇಸರ್‌ಗೆ ಹೋಗುವಾಗ ನನ್ನ ಕಾರಿನಲ್ಲಿ ಎಂದಿನಂತೆ ಬೆನ್ನಿಗೊಂದು, ಕೆಳಗೊಂದು ದಿಂಬು ಇಟ್ಟುಕೊಂಡೆ. ಎರಡು ಸಲ ಸರಿಪಡಿಸಿಕೊಂಡೆ. ಕೂತದ್ದು ಸರಿ ಅನ್ನಿಸಲಿಲ್ಲ.