ಗಿರಣಿ ಕಾಕು ಕೇಳಿದ ಸ್ಟೀಲು

ಗಿರಣಿ ಕಾಕು ಕೈಯಿಂದ ಮುಖ ಮುಟ್ಟಿಕೊಂಡದ್ದನ್ನು ನಾನು ಎಂದೂ ನೋಡಲಿಲ್ಲ. ಮೆಣಸಿನಕಾಯಿ ಅರೆದು ಅರೆದು ಬೆರಳಿನಿಂದ ಮಣಿಕಟ್ಟಿನವರೆಗೆ ಕೆಂಪು ಹತ್ತಿರುತ್ತಿತ್ತು. ಹಣೆಯ ಬೆವರನ್ನು ಭುಜಕ್ಕೆ ಒರೆಸಿಕೊಳ್ಳುತ್ತಿದ್ದರು. ಬಗಲಲ್ಲಿ ಗಿರಣಿಯ ಕೆಟ್ಟ ಶಾಫ್ಟ್ ಅವುಚಿಕೊಂಡು ಅವರು ನನ್ನ ಲೇತ್ ಅಂಗಡಿಯ ಕಡೆ ಬರುವುದು ಕಂಡರೆ ಸಾಕು, ನಾನು ಮೋಟರ್ ಬಂದ್ ಮಾಡಿ ಹಿಂಬಾಗಿಲಿನಿಂದ ಚಹಾಕ್ಕೆ ಹೋಗುತ್ತಿದ್ದೆ. ತಿರುಗಿ ಬಂದರೆ ನನ್ನ ಸ್ಟೂಲಿನ ಮೇಲೆಯೇ ಕೂತಿರುತ್ತಿದ್ದರು.

ಎಂಬತ್ತರ ದಶಕದ ಮಾತು. ಕುಂದಗೋಳದಲ್ಲಿ ನಾನು ಅಂಗಡಿ ಇಟ್ಟು ಎರಡು ವರ್ಷವಾಗಿತ್ತು. ಕಾಕು ಅಂದರೆ ಚಿಕ್ಕಮ್ಮ; ನನಗೆ ಸಂಬಂಧಿಯಲ್ಲ, ಪೇಟೆಗೆಲ್ಲ ಕಾಕು. ಗಂಡ ತೀರಿದ ಮೇಲೆ ರಂಜಕ ಅರೆಯುವ ಗಿರಣಿಯನ್ನು ಒಬ್ಬರೇ ನಡೆಸುತ್ತಿದ್ದರು. ಹಸಿ ಕೆಂಪು ಮೆಣಸಿನಕಾಯಿ, ಉಪ್ಪು, ಲಿಂಬೆ ರಸ ಸೇರಿದ ರಂಜಕ ಕಬ್ಬಿಣವನ್ನು ತಿಂದುಹಾಕುತ್ತದೆ. ಅದಕ್ಕೆಂದೇ ಸ್ಟೇನ್‌ಲೆಸ್ ಸ್ಟೀಲಿನ ಶಾಫ್ಟ್ ಹಾಕಿಸಿದ್ದರು. ಅದಕ್ಕೆ ತುಕ್ಕೇನೋ ಹಿಡಿಯಲಿಲ್ಲ. ಆದರೆ ಆ ಸ್ಟೀಲು ಮೆತ್ತಗಿನದು. ಬುಶ್ ಎಂಬ ಲೋಹದ ಬಳೆಯೊಳಗೆ ತಿರುಗುವ ಕುತ್ತಿಗೆ ಸವೆದು, ಎರಡು ತಿಂಗಳೊಳಗೆ ಶಾಫ್ಟ್ ಅಲುಗಾಡುತ್ತಿತ್ತು.

“ತುಕ್ಕೂ ಹಿಡೀಬಾರ್ದು, ಸವೀಲೂಬಾರ್ದು. ಅಷ್ಟ ಕೇಳಾಕತ್ತೀನಿ.”

“ಎರಡೂ ಒಂದ ಸ್ಟೀಲಿನ್ಯಾಗ ಸಿಗೂದಿಲ್ರಿ ಕಾಕು.”

“ಹಂಗಂತ ಯಾರು ಹೇಳ್ಯಾರ?”

ಯಾರೂ ಹೇಳಿರಲಿಲ್ಲ. ಕಾಟ ತಾಳಲಾರದೆ ಒಂದು ಸಲ ಹೊಸ ಶಾಫ್ಟನ್ನು ಇದ್ದಿಲಪುಡಿ ತುಂಬಿದ ಡಬ್ಬಿಯಲ್ಲಿಟ್ಟು ಇಡೀ ದಿನ ಕುಲುಮೆಯಲ್ಲಿ ಕಾಸಿದೆ. ಸಾದಾ ಕಬ್ಬಿಣದ ಮೈ ಗಟ್ಟಿ ಮಾಡುವ ರೀತಿ ಅದು. ಅರ ಹಾಕಿದರೆ ಜಾರುವಷ್ಟು ಗಟ್ಟಿಯಾಯಿತು. ಇನ್ನು ಪೀಡೆ ತಪ್ಪಿತು ಎಂದುಕೊಂಡೆ.

ಹದಿನೈದು ದಿನ ಕಳೆದಿರಲಿಲ್ಲ, ಗಿರಾಕಿಯೊಬ್ಬರು ಭರಣಿ ತಿರುಗಿ ತಂದು ಕಾಕುವಿನ ಮುಂದೆ ಇಟ್ಟರಂತೆ. ರಂಜಕದ ತುಂಬ ತುಕ್ಕಿನ ಕಲೆ. ಕಾಕು ಅದನ್ನು ಚೆಲ್ಲಿ, ತಮ್ಮ ಮನೆಯ ಮೆಣಸಿನಕಾಯಿ ಅರೆದು ಭರಣಿ ತುಂಬಿಕೊಟ್ಟು, ಶಾಫ್ಟ್ ಬಿಚ್ಚಿಸಿಕೊಂಡು ನೆಟ್ಟಗೆ ನನ್ನಲ್ಲಿಗೆ ಬಂದರು.

“ಗಟ್ಟಿ ಮಾಡಂದ್ರ ಇದರ ಜೀವಾನ ತಗದೀಯಲ್ಲೋ ತಮ್ಮಾ.”

ಮಾತು ಸುಳ್ಳಾಗಿರಲಿಲ್ಲ. ಅಷ್ಟು ಕಾವಿನಲ್ಲಿ ಇದ್ದಿಲಿನ ಅಂಶ ಒಳಗೆ ಇಳಿದು, ತುಕ್ಕು ತಡೆಯುವ ಕ್ರೋಮಿಯಂ ಅನ್ನು ಕಟ್ಟಿಹಾಕುತ್ತದೆ ಎಂಬುದು ನನಗೆ ಆಮೇಲೆ ತಿಳಿಯಿತು. ಆಗ ಮಾತ್ರ ತಲೆ ಕೆಟ್ಟುಹೋಯಿತು.

“ಹುಬ್ಬಳ್ಳಿಗೆ ಒಯ್ರಿ ಕಾಕು, ನನ್ನ ಕಡೆ ಆಗೂದಿಲ್ಲ. ಈ ಸ್ಟೀಲಿನ ಗುಣಾನ ಹಂಗ. ತೂತು ಹಾಕೂ ಮುಂದ ಡ್ರಿಲ್ ಮೊಂಡ ಇತ್ತಂದ್ರ, ತಿಕ್ಕಿದ ಜಾಗಾ ಕಲ್ಲಾಗಿ ಕೂಡತೈತಿ. ನಿಮಗ ಗಟ್ಟಿ ಬೇಕಾದಲ್ಲೆ ಮಾತ್ರ ಮೆತ್ತಗ.”

ಹೊರಟು ನಿಂತಿದ್ದ ಕಾಕು ಮತ್ತೆ ಕೂತರು.

“ತಿಕ್ಕಿದ್ರ ಕಲ್ಲಾಗ್ತೈತಿ?”

“ಹೌದ್ರಿ.”

“ಬೆಂಕ್ಯಾಗ ಇಡಲಾರದ?”

“ಇಡಲಾರದ.”

“ಮತ್ತ ತಿಕ್ಕಲ್ಲಾ ನನ್ನಪ್ಪಾ. ಬೆಂಕ್ಯಾಗ ಯಾಕ ಒಗದಿ?”

ಆ ಮಾತಿಗೆ ಸಿಟ್ಟು ಇನ್ನೂ ಹೆಚ್ಚಾಯಿತು. ಅವರು ಹೋದ ಮೇಲೆ ಮತ್ತೊಂದು ಶಾಫ್ಟನ್ನು ಲೇತಿಗೆ ಏರಿಸಿ, ಗಟ್ಟಿ ಉಕ್ಕಿನ ರೋಲರನ್ನು ಅದರ ಕುತ್ತಿಗೆಗೆ ಒತ್ತಿ ಹಿಡಿದು, ಎಣ್ಣೆ ಬಿಡುತ್ತ ತಣ್ಣಗೇ ತಿರುಗಿಸಿದೆ. ಮತ್ತೆ ಮತ್ತೆ ತಿರುಗಿಸಿದೆ. ಮೈ ಕನ್ನಡಿಯಂತಾಯಿತು. ಅರ ಹಾಕಿ ನೋಡಿದೆ. ಮೊದಲಿನಂತೆ ಸಲೀಸಾಗಿ ಕಚ್ಚಲಿಲ್ಲ.

ಅದನ್ನು ಗಿರಣಿಗೆ ಹಾಕಿಕೊಟ್ಟ ವಾರಕ್ಕೇ ಕಾಕು ಹಾಜರು. ಶಾಫ್ಟಿನ ಮೇಲೆ ಸಾಸಿವೆಯಷ್ಟು ಎರಡು ಕಂದು ಚುಕ್ಕೆ. ರೋಲರಿನ ಕಬ್ಬಿಣ ಅಂಟಿದ್ದರಿಂದ ಬಂದ ತುಕ್ಕು ಅದು. ಅಕ್ಕಸಾಲಿಗರ ಬಳಿ ಆ್ಯಸಿಡ್ ಬೇಡಿ ತಂದು ತೊಳೆದುಕೊಟ್ಟೆ. “ಇದನ್ನೂ ನಾನ ಬಂದು ತೋರಸಬೇಕೇನು?” ಎಂದು ಹೋದರು.

ಆಮೇಲೆ ಬರಲಿಲ್ಲ. ಮರುವರ್ಷದ ಮೆಣಸಿನಕಾಯಿ ಸುಗ್ಗಿ ಮುಗಿಯುತ್ತ ಬಂದರೂ ಅವರ ಸುಳಿವಿಲ್ಲ. ಮೊದಮೊದಲು ಹಾಯೆನಿಸಿತು. ಬರಬರುತ್ತ ನಿಜವಾಗಿಯೂ ಹುಬ್ಬಳ್ಳಿಗೆ ಒಯ್ದರೇನೋ ಎಂಬ ಕಸಿವಿಸಿ. ತಡೆಯಲಾರದೆ ಗಿರಣಿಗೆ ಹೋದೆ.

“ಯಾಕ ಬಂದಿ?”

“ಶಾಫ್ಟ್ ಹೆಂಗೈತಿ ಅಂತ...”

“ಕೆಟ್ಟಿದ್ರ ನಾನ ಬರ್ತಿದ್ದಿಲ್ಲೇನು?” ಎಂದವರೇ ಮುಂದಿನ ಗಿರಾಕಿಯ ಬುಟ್ಟಿಗೆ ಕೈಹಾಕಿದರು. ಛಲೋ ಆತು ಅಂತ ಒಂದು ಮಾತು ಬೇಡವೇ?

ಸುದ್ದಿ ಹಬ್ಬಿ, ಅಣ್ಣಿಗೇರಿ ನವಲಗುಂದದಿಂದಲೂ ಪಂಪಿನವರು, ಡೈರಿಯವರು ಅಂಥ ಶಾಫ್ಟ್ ಕೇಳಿಕೊಂಡು ಬಂದರು. ನನ್ನ ಅಂಗಡಿ ನಿಂತದ್ದು ಅದರ ಮೇಲೆಯೇ. ಕಾಕು ತೀರಿಹೋಗಿ ಬಹಳ ವರ್ಷವಾಯಿತು. ಈ ಯುಕ್ತಿ ನಿಮ್ಮದೇ ಎಂದು ಅವರು ಇರುವಾಗಲೇ ಹೇಳಬೇಕೆಂದು ಎರಡು ಸಲ ಅವರ ಮನೆಗೆ ಹೋಗಿದ್ದೆ. ಎರಡು ಸಲವೂ, ನಾನು ಬಾಯಿ ತೆರೆಯುವ ಮೊದಲೇ, ಏನೋ ಒಂದು ತಪ್ಪು ಹುಡುಕಿ ಬೈದು ಕಳಿಸಿದರು.