ಕಾಲಿನ ಅಳತೆ ಬಲ್ಲ ಓರೆಸ್ತೆ

ನಮ್ಮ ಬೆಟ್ಟದೂರಿನಲ್ಲಿ ಹಿಮದ ಮೇಲೆ ಜಾರಾಡುವವರಿಗೆ ಸ್ಕೀ ಬೂಟು ಬಾಡಿಗೆಗೆ ಕೊಡುವ ಓರೆಸ್ತೆ ಇದ್ದಾನಲ್ಲ, ಅವನು ಗಿರಾಕಿಯ ಮುಖ ನೋಡುವವನೇ ಅಲ್ಲ. ಬೀದಿಯಲ್ಲಿ ಪಾದ್ರಿ ಎದುರಾದರೂ ಅವನ ನಮಸ್ಕಾರ ಮೊದಲು ಕಾಲಿಗೇ. "ಬೂಟಿನ ನಂಬರ್ ನಲವತ್ತೆರಡು ಅಂತೀರಾ? ಬಾಯಿ ಸುಳ್ಳು ಹೇಳುತ್ತೆ ಸ್ವಾಮಿ, ಹೆಬ್ಬೆರಳು ಹೇಳಲ್ಲ. ನಲವತ್ತು!" ಎಂದು ಮಿಲಾನಿನ ವಕೀಲರನ್ನೂ ಗದರುತ್ತಾನೆ. ಮೂವತ್ತು ಚಳಿಗಾಲಗಳಿಂದ ಬರುತ್ತಿರುವ ಟ್ಯೂರಿನ್ ಪಟ್ಟಣದ ಲೀವಿಯಾ ಟೀಚರರ ಕಾಲನ್ನಂತೂ ಕಣ್ಣು ಮುಚ್ಚಿಯೂ ಗುರುತಿಸಬಲ್ಲ. ಈ ಸಲ ಆ ಕಾಲು ಸೊರಗಿಹೋಗಿತ್ತು. ಮಾಮೂಲಿ ಬೂಟಿನೊಳಗೆ ಗಡಿಗೆಯಲ್ಲಿಟ್ಟ ಸೌಟಿನಂತೆ ಅಲ್ಲಾಡಿತು. ಓರೆಸ್ತೆ ಬೂಟನ್ನು ಒಳಕೋಣೆಗೆ ಒಯ್ದು, ದಪ್ಪ ಉಣ್ಣೆಯ ಪಟ್ಟಿ ತುರುಕಿ ತಂದು ತೊಡಿಸಿದ. "ಅದೇ ಅಳತೆ ತಾನೇ?" ಎಂದು ಆಕೆ ಕೇಳಿದಾಗ, "ಅದೇ ಟೀಚರೇ, ಕೂದಲೆಳೆಯಷ್ಟೂ ಬದಲಾಗಿಲ್ಲ" ಎಂದ. "ಹಾಗಾದ್ರೆ ಮೈ ಇಳಿದುಹೋಗ್ತಿದೆ ಅಂತ ನಮ್ಮೂರ ಡಾಕ್ಟ್ರು ಸುಮ್ನೆ ಹೆದರಿಸ್ತಾನೆ ಕಣಪ್ಪಾ!" ಎಂದು ಆಕೆ ನಕ್ಕಳು. ಓರೆಸ್ತೆ ತಲೆಯೆತ್ತದೆ, ಆಗಲೇ ಬಿಗಿದಾಗಿದ್ದ ಬೂಟಿನ ಕೊಕ್ಕೆಗಳನ್ನು ಬಿಚ್ಚಿ ಮತ್ತೆ ಬಿಗಿಯತೊಡಗಿದ.