ಅಟ್ಟದ ಮೇಲಿನ ಮಹಾಯುದ್ಧ

ನಮ್ಮ ಸೋಷಿಯಲ್ ಮಿಸ್ಸಿನ ಬಲಗಿವಿಯ ಓಲೆಯಲ್ಲಿ ಸದಾ ಒಂದು ತೆಂಗಿನ ನಾರಿನ ಎಳೆ ಸಿಕ್ಕಿಕೊಂಡಿರುತ್ತಿತ್ತು. ಇಸ್ತ್ರಿ ಮಾಡಿದ ಕಾಟನ್ ಸೀರೆ, ಎಣ್ಣೆ ಹಚ್ಚಿ ಬಿಗಿದ ಗಂಟು, ಪಿನ್ನು ಚುಚ್ಚಿದ ಸೆರಗು, ಎಲ್ಲವೂ ಅಚ್ಚುಕಟ್ಟು. ಆ ಒಂದು ಎಳೆ ಮಾತ್ರ ಅವರ ಶಿಸ್ತಿಗೆ ಬಗ್ಗಿರಲಿಲ್ಲ. ಬೆಳಗ್ಗೆ ಶಾಲೆಗೆ ಹೊರಡುವ ಮುಂಚೆ ಅಟ್ಟ ಹತ್ತಿ, ಕೊಬ್ಬರಿಗೆಂದು ಹಾಕಿದ ಕಾಯಿಗಳನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡುವುದು ಅವರ ಅಭ್ಯಾಸ. ನಮ್ಮ ಸೀಮೆಯಲ್ಲಿ ಕಾಯಿ ಸಿಪ್ಪೆ ಸಮೇತ ಅಟ್ಟಕ್ಕೇರಿದರೆ ಹೆಚ್ಚುಕಡಿಮೆ ಒಂದು ವರ್ಷ ಅಲ್ಲೇ ಬಿದ್ದಿರಬೇಕು. ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟುಕೊಂಡು, ಅಲ್ಲಾಡಿಸಿದರೆ ಗಡಗಡ ಅನ್ನಬೇಕು. ಹೊರಗಿನಿಂದ ನೋಡಿದರೆ ಏನೂ ತಿಳಿಯುವುದಿಲ್ಲ.

ಹತ್ತನೇ ತರಗತಿಯಲ್ಲಿ ಮೊದಲನೇ ಮಹಾಯುದ್ಧದ ಪಾಠಕ್ಕೆ ಅವರು ಅಂಥದ್ದೊಂದು ಕಾಯಿ ಹಿಡಿದುಕೊಂಡೇ ಬಂದರು. ನಮ್ಮ ಕೈಯಲ್ಲಿ ಗೈಡುಗಳಿದ್ದವು. ಯುದ್ಧಕ್ಕೆ ಕಾರಣಗಳೇನು ಎಂಬ ಪ್ರಶ್ನೆಗೆ ಅದರಲ್ಲಿ ಅಂಶ ಅಂಶವಾಗಿ ಉತ್ತರವಿತ್ತು, ತತ್‌ಕ್ಷಣದ ಕಾರಣ ಆಸ್ಟ್ರಿಯಾದ ಯುವರಾಜನ ಕೊಲೆ ಅಂತ ಕೊನೆಯಲ್ಲಿತ್ತು. ಅವರು ಗೈಡುಗಳನ್ನೆಲ್ಲ ಮುಚ್ಚಿಸಿ, ಆ ಕಾಯಿಯನ್ನು ಒಬ್ಬೊಬ್ಬರ ಕಿವಿಗೂ ಹಿಡಿದು ಅಲ್ಲಾಡಿಸಿದರು.

“ಗುಂಡು ಹೊಡೆದೋನು ಹತ್ತೊಂಬತ್ತು ವರ್ಷದ ಹುಡುಗ. ಅವನು ಈ ಕಾಯಿಗೆ ಮಚ್ಚಲ್ಲಿ ಒಂದೇಟು ಹಾಕ್ದ, ಅಷ್ಟೇ. ಅಟ್ಟದ ಮೇಲಿಟ್ಟು ಒಣಗಿಸಿದೋರು ದೊಡ್ಡೋರು” ಅಂದರು.

ಆಮೇಲೆ ಕತೆ ಬಿಚ್ಚಿದರು. ಆಸ್ಟ್ರಿಯಾ ಸರ್ಬಿಯಾದ ಮೇಲೆ ಹೊರಟಿತು, ಏನೇ ಆಗಲಿ ನಿನ್ನ ಬೆನ್ನಿಗಿದ್ದೀನಿ ಅಂತ ಜರ್ಮನಿ ಅದಕ್ಕೆ ಮಾತು ಕೊಟ್ಟಿತ್ತು. ಸರ್ಬಿಯಾದ ಬೆನ್ನಿಗೆ ರಷ್ಯಾ, ರಷ್ಯಾದ ಬೆನ್ನಿಗೆ ಫ್ರಾನ್ಸು. ಫ್ರಾನ್ಸಿಗೆ ಹೋಗುವ ದಾರಿಯಲ್ಲಿ ಜರ್ಮನಿ ಬೆಲ್ಜಿಯಂ ತುಳಿಯಿತು, ಬೆಲ್ಜಿಯಮ್ಮಿಗೆ ಮಾತು ಕೊಟ್ಟಿದ್ದ ಬ್ರಿಟನ್ನೂ ಇಳಿಯಿತು. ಹಬ್ಬದ ಹೊತ್ತಿಗೆ ಮನೆಗೆ ಬರುತ್ತೇವೆಂದು ಹೋದ ಹುಡುಗರು ನಾಲ್ಕು ವರ್ಷ ಕೆಸರಿನ ಕಂದಕದಲ್ಲಿ ಕೂತು ಸತ್ತರು. ಕೊನೆಗೆ ಗೆದ್ದವರು ಸೋತವರ ತಲೆಯ ಮೇಲೆ ಅಷ್ಟೂ ತಪ್ಪು ಹೊರಿಸಿ ಸಹಿ ಹಾಕಿಸಿಕೊಂಡರು. “ಮತ್ತೆ ಅಟ್ಟಕ್ಕೆ ಕಾಯಿ ಏರಿಸಿದರು” ಎಂದು ಎರಡನೇ ಯುದ್ಧಕ್ಕೆ ಪೀಠಿಕೆ ಹಾಕಿ, ನಮಗೊಂದು ಪ್ರಶ್ನೆ ಕೇಳಿದರು. ಎಲ್ಲೋ ಯುರೋಪಿನಲ್ಲಿ ಗುಂಡು ಹಾರಿದ್ದಕ್ಕೆ ನಮ್ಮ ಮೈಸೂರು ಮಹಾರಾಜರ ದಂಡಿನ ಕುದುರೆ ಸಮುದ್ರ ದಾಟಿ ಹೋಗಿ ಹೈಫಾ ಎಂಬ ಊರಿನಲ್ಲಿ ಯಾಕೆ ಸಾಯಬೇಕಿತ್ತು? ಗೈಡಿನಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಅವರೇ ಹೇಳಿದರು.

“ಎಲ್ರೂ ಮಾತು ಉಳಿಸಿಕೊಂಡ್ರು, ಅದಕ್ಕೆ. ಒಬ್ಬನಾದ್ರೂ ಮಾತು ತಪ್ಪಿದ್ರೆ ಅಷ್ಟು ಜನ ಬದುಕ್ತಿದ್ರು.”

ಆಡಿದ ಮಾತು ತಪ್ಪಬಾರದೆಂದು ಕೇಳಿಕೊಂಡೇ ಬೆಳೆದ ನಮಗೆ ಇದು ಬೈಗುಳದಂತೆ ಕೇಳಿಸಿತು. ಜರ್ಮನಿಗೆ ಮಾತು ಕೊಟ್ಟಿದ್ದ ಇಟಲಿ ತಪ್ಪಿತಲ್ಲ ಮಿಸ್ ಎಂದು ನಾನೇ ಎದ್ದು ಕೇಳಿದೆ. ಅವರಿಗೆ ಖುಷಿಯಾಯಿತು. ತಪ್ಪಿ ಮನೆಯಲ್ಲಿ ಕೂತಿದ್ದರೆ ಕೈ ಮುಗಿಯುತ್ತಿದ್ದೆ, ತಪ್ಪಿ ಎದುರು ಪಕ್ಷಕ್ಕೆ ಸೇರಿಕೊಂಡಿತಲ್ಲ, ಅದು ವ್ಯಾಪಾರ ಎಂದರು.

ಹೆಡ್‌ಮಾಸ್ಟರಿಗೆ ಈ ಪಾಠ ಹಿಡಿಸಲಿಲ್ಲ. ಪರೀಕ್ಷೆಯಲ್ಲಿ ಕಾಯಿ ಅಲ್ಲಾಡಿಸಿದರೆ ಅಂಕ ಕೊಡುತ್ತಾರಾ ಎಂದು ಎಲ್ಲರೆದುರು ಕೇಳಿದರು. ತಿಳಿದುಕೊಂಡವರಿಗೆ ಬರೆಯಲೂ ಬರುತ್ತದೆ ಎಂದು ಹೇಳಿ ಮಿಸ್ಸು ಮಾರನೆಯ ದಿನವೂ ಕಾಯಿ ತಂದರು.

ಮುಂದೆ ನಾನು ಮದುವೆಯಾಗಿ ಸೇರಿದ್ದು ಅವರ ಬೀದಿಯನ್ನೇ. ನಮ್ಮನೆಯವರೂ ಅವರ ಶಿಷ್ಯರೇ, ಆದರೆ ಕಾಯಿ ಅಲ್ಲಾಡಿಸಿದ ದಿನ ಶಾಲೆಗೆ ಚಕ್ಕರ್ ಹಾಕಿದ್ದರೋ ಏನೋ. ನಾಲ್ಕೈದು ವರ್ಷದ ಕೆಳಗೆ, ದಬ್ಬೇಘಟ್ಟದ ಕಡೆ ಕೊಟ್ಟಿರುವ ನಮ್ಮವರ ಅಕ್ಕನ ಮನೆಯಲ್ಲಿ ಒಂದು ರಗಳೆ ಎದ್ದಿತು. ಪಕ್ಕದ ತೋಟದವರ ತೆಂಗಿನ ಮರವೊಂದು ಬದುವಿನಿಂದ ಭಾವನ ತೋಟಕ್ಕೆ ವಾಲಿತ್ತು. ಅಂಥ ಮರಕ್ಕೆ ಹಿಂದಿನಿಂದ ಬಂದ ಕಟ್ಟಳೆಯಿದೆ. ಕಿತ್ತ ಕಾಯಿ ನೆಟ್ಟವನದ್ದು, ತಾನಾಗಿ ಬಿದ್ದ ಕಾಯಿ ಬಿದ್ದ ತೋಟದ್ದು. ಒಂದು ಗಾಳಿಮಳೆಯ ಮಾರನೆಯ ದಿನ ಭಾವ ಕಾಯಿ ಆಯ್ದುಕೊಂಡರು. ಗಾಳಿಗೆ ಬಿದ್ದದ್ದಲ್ಲ, ದೋಟಿ ಹಾಕಿ ಕೆಡವಿದ್ದು ಎಂದು ಪಕ್ಕದವರು ರೇಗಿದರು. ಮಾತಿಗೆ ಮಾತು ಬೆಳೆದು ಕೈಕೈ ಮಿಲಾಯಿಸಿದರು. ಪಕ್ಕದವರು ಶೆಟ್ಟಿಕೆರೆಯ ನೆಂಟರನ್ನು ಕರೆಸುತ್ತಾರೆಂದು ಸುದ್ದಿ ಬಂತು. ಭಾವ ಫೋನು ಮಾಡಿದರು. ಬೆಳಗ್ಗೆ ಜನ ಕರೆದುಕೊಂಡು ಬರುತ್ತೇನೆಂದು ನಮ್ಮವರು ಮಾತು ಕೊಟ್ಟೇಬಿಟ್ಟರು.

ಬೆಳಗ್ಗೆ ಮನೆ ಮುಂದೆ ಟೆಂಪೋ ನಿಂತಿತ್ತು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಪೈಕಿಯ ಗಂಡಸರೆಲ್ಲ ಹತ್ತಿ ಕೂತಿದ್ದರು, ಕಾಲಡಿಯಲ್ಲಿ ದೊಣ್ಣೆ, ಮಚ್ಚು. ಹೋಗಬೇಡಿ ಎಂದು ನಾನು ಅತ್ತೆ, ಬೈದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ನಮ್ಮವರು ನನಗೇ ಗಾದೆ ಹೇಳಿದರು. ಇವರು ಹೆಣವಾಗಿ ಬರುತ್ತಾರೋ, ಯಾರನ್ನಾದರೂ ಹೆಣ ಮಾಡಿ ಬರುತ್ತಾರೋ ಎಂದು ಹೆದರಿ ಮಿಸ್ಸಿನ ಮನೆಗೆ ಓಡಿದೆ.

ರಿಟೈರಾಗಿ ಮಂಡಿ ಸೋತಿದ್ದರೂ ಅವರು ಅಟ್ಟದ ಮೇಲೇ ಇದ್ದರು. ಇಳಿದು ಬಂದವರೇ ಟೆಂಪೋ ಮುಂದೆ ನಿಂತು, ಒಬ್ಬೊಬ್ಬರನ್ನೇ ಹೆಸರು ಹಿಡಿದು ಕೂಗಿ, ಆ ಮರ ನೋಡಿದ್ದೀಯಾ ಎಂದು ಕೇಳಿದರು. ಒಬ್ಬನೂ ನೋಡಿರಲಿಲ್ಲ. ಯಾವ ಬದು ಎಂದೂ ಗೊತ್ತಿರಲಿಲ್ಲ.

“ಹಂಗಾರೆ ನೀವೆಲ್ಲ ಮೈಸೂರು ಕುದುರೆ ಕಣ್ರಲಾ. ಕುದುರೆಗಾದ್ರೆ ಬಾಯಿಲ್ಲ, ನಿಮಗೇನಾಗಿತ್ತು?”

“ಟೆಂಪೋಗೆ ಹೇಳಾಗೈತೆ ಮಿಸ್” ಎಂದು ನಮ್ಮವರು ಗೊಣಗಿದರು.

“ಜರ್ಮನಿಯೋರೂ ಇದನ್ನೇ ಅಂದಿದ್ದು, ರೈಲಿಗೆ ಹೇಳಾಗೈತೆ, ಇನ್ನು ನಿಲ್ಲಿಸೋಕಾಗಲ್ಲ ಅಂತ. ಟೆಂಪೋ ಬಾಡಿಗೆ ನಾನು ಕೊಡ್ತೀನಿ. ಇಳೀರಿ.”

ನಮ್ಮವರು ಇಳಿಯಲಿಲ್ಲ. ಕೊಟ್ಟ ಮಾತಿಗೆ ತಪ್ಪಿದರೆ ಅಕ್ಕನ ಮನೆಯಲ್ಲಿ ಯಾವ ಮುಖ ತೋರಿಸಲಿ ಎಂದರು.

“ಮಾತು ತಪ್ಪಿದ ಮುಖಾನೇ ತೋರಿಸು. ಆ ಮುಖಕ್ಕೆ ಉಗೀತಾರೆ, ಉಗಿಸ್ಕೋ. ತೊಳ್ಕಂಡ್ರೆ ಹೋಯ್ತದೆ” ಎಂದು ಮಿಸ್ಸು ಟೆಂಪೋದ ಮುಂದೆ ರಸ್ತೆಯಲ್ಲೇ ಕೂತುಬಿಟ್ಟರು. ಇಸ್ತ್ರಿ ಸೀರೆ ಧೂಳಾಯಿತು.

ಹಿಂದಿನಿಂದ ಒಬ್ಬ ಇಳಿದ. ಅವನ ಹಿಂದೆ ಇನ್ನೊಬ್ಬ. ಕೊನೆಗೆ ನಮ್ಮವರೊಬ್ಬರೇ ಉಳಿದರು. ಅಲ್ಲಿಂದಲೇ ಭಾವನಿಗೆ ಫೋನು ಮಾಡಿ, ನಾನು ಬರಲ್ಲ ಎಂದರು. ಜನವಿಲ್ಲದೆ ಭಾವ ಅಂಗಳ ದಾಟಲಿಲ್ಲ. ಶೆಟ್ಟಿಕೆರೆಯಿಂದ ಬಂದವರು ಬಿಸಿಲೇರುವ ತನಕ ಬದುವಿನ ಮೇಲೆ ಕಾದು, ಎದುರಿಗೆ ಯಾರೂ ಇಲ್ಲದೆ ಮನೆಗೆ ಹೋದರು.

ಅದೇ ವಾರ ಆ ಪಕ್ಕದ ತೋಟದವರು ಎಳನೀರು ಗೊನೆ ಹೊತ್ತುಕೊಂಡು ನಮ್ಮ ಮನೆಗೆ ಬಂದರು. ನೀವು ನ್ಯಾಯವಂತರು, ಪಂಚಾಯ್ತಿಯಲ್ಲಿ ನಮ್ಮ ಪರ ಒಂದು ಮಾತು ಹೇಳಬೇಕು ಎಂದು ಉಬ್ಬಿಸಿದರು. ನಮ್ಮವರು ಸ್ವಲ್ಪ ಉಬ್ಬಿದ್ದೂ ಹೌದು. ಎದುರು ಜಗುಲಿಯಿಂದ ಮಿಸ್ಸು, ಇಟಲಿ ಆಗಬ್ಯಾಡ ಕಣಪ್ಪ ಎಂದು ಕೂಗಿದರು. ನಮ್ಮವರಿಗೆ ತಿಳಿಯದ್ದು ನನಗೆ ತಿಳಿಯಿತು. ಗೊನೆಯನ್ನು ನಾನೇ ಎತ್ತಿ ಬಂದವರ ಗಾಡಿಗೆ ಹಾಕಿದೆ.

ಬೆಲೆ ತೆತ್ತಿದ್ದೇವೆ, ಇಲ್ಲವೆನ್ನುವುದಿಲ್ಲ. ಆ ವರ್ಷ ಅಕ್ಕನಿಗೆ ಕಳಿಸಿದ ಗೌರಿ ಬಾಗಿನ ಬಿಚ್ಚದೆ ವಾಪಸ್ಸು ಬಂತು. ಮರು ವರ್ಷವೂ ಬಂತು. ನಮ್ಮವರು ಅದನ್ನು ನಡುಮನೆಯಲ್ಲಿಟ್ಟುಕೊಂಡು ಕೂತಿದ್ದನ್ನು ನೋಡಿ, ಮಿಸ್ಸಿನ ಹತ್ತಿರ ಹೋಗಿ ಜಗಳವಾಡಿ ಬಂದೆ. ಅವರು ಸಮಾಧಾನ ಹೇಳಲಿಲ್ಲ. ಬಾಗಿನ ಕಳಿಸೋಕೆ ಅವಳಿಗೆ ತಮ್ಮ ಬದುಕಿದ್ದಾನಲ್ಲ, ಕಳಿಸ್ತಾ ಇರು ಎಂದರಷ್ಟೆ.

ಹೋದ ವರ್ಷ ಮಿಸ್ಸು ಹೋದರು. ಸಣ್ಣ ಜ್ವರ, ಮಲಗಿದವರು ಏಳಲಿಲ್ಲ. ಮಲಗಿಸಿದ್ದಾಗ ನೋಡಿದೆ, ಓಲೆಯಲ್ಲಿ ನಾರಿರಲಿಲ್ಲ. ಅಲ್ಲಿಯವರೆಗೆ ತಡೆದುಕೊಂಡಿದ್ದ ಅಳು ಆಗ ಒತ್ತರಿಸಿ ಬಂತು. ನನ್ನ ಗಂಡನ ಕೈಗೆ ರಕ್ತ ಅಂಟದ ಹಾಗೆ ನೋಡಿಕೊಂಡ ಹೆಂಗಸು ಅವರು. ಆ ಋಣ ನನ್ನಿಂದ ತೀರುವಂಥದ್ದಲ್ಲ.

ತಿಥಿಯ ದಿನ ಅಕ್ಕ ಬಂದಳು. ಅವಳೂ ಮಿಸ್ಸಿನ ಕೈಯಲ್ಲಿ ಓದಿದವಳು. ಹಿಂದೆಯೇ ಭಾವ. ಒಳಗೆ ಬರದೆ ಚಪ್ಪರದ ಕಂಬ ಹಿಡಿದು ನಿಂತಿದ್ದರು. ಊಟಕ್ಕೆ ಕರೆಯಲು ನಾನು ಹೋದಾಗ, ಎಲ್ಲರಿಗೂ ಕೇಳುವಂತೆ ಹೇಳಿದರು. “ನಿನ್ ಗಂಡ ಮಾತು ತಪ್ಪಿದೋನು ಕಣಮ್ಮ. ಅವನ ಜತೇಲಿ ನಾನು ಹೆಂಗೆ ಎಲೆಗೆ ಕೂರ್ಲಿ?”

ನಮ್ಮವರು ತಲೆ ತಗ್ಗಿಸಿದರು. ನಾನು ತಗ್ಗಿಸಲಿಲ್ಲ.

“ಹೌದು ಕಣಣ್ಣ, ತಪ್ಪಿದೋರೇ. ತಪ್ಪಿದ್ದಕ್ಕೇ ಇವತ್ತು ನೀವೂ ಅವರೂ ಬದುಕಿ, ಬೇರೆಯೋರ ತಿಥಿ ಊಟಕ್ಕೆ ಬಂದಿದೀರ. ಕೈ ತೊಳ್ಕಳಿ.”

ಭಾವ ಚೊಂಬು ಕೇಳಿದರು. ಕೈ ತೊಳೆದು ಬಂದು ಪಂಕ್ತಿಯ ತುದಿಯಲ್ಲಿ ಕೂತಾಗ, ನಮ್ಮವರೇ ಎದ್ದು ಹೋಗಿ ಅವರ ಮುಂದೆ ಎಲೆ ಹಾಕಿದರು.